ಗುಳಿಗನನ್ನು ಎಲ್ಲಿ ಬರೆಯಲಿ?

ಕಳೆದ ಆಟಿ ತಿಂಗಳಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ತಂಗಿಯ ಮಗಳು ಪುಟ್ಟಿ ಅಬುಧಾಬಿಯಿಂದ ಬಂದಿದ್ದಳು. ಅವಳಿಗೆ 11 ವರ್ಷ. ಅಲ್ಲಿನ ಶಾಲೆಗಳಿಗೆ ರಜೆ ಸಿಗುವುದೇ ನಮ್ಮಲ್ಲಿ ಮಳೆ ಹಿಡಿದುಕೊಂಡಿರುವಾಗ. ಹಾಗಾಗಿ ಆ ಮಕ್ಕಳಿಗೆ ಕಾಸರಗೋಡಿನ ಅಜ್ಜಿಮನೆ ಅಂದರೆ ಒಣಗದ ಬಟ್ಟೆಯ ವಾಸನೆ, ಸುಟ್ಟ ಹಲಸಿನ ಬೀಜ, ಕರೆಂಟಿಲ್ಲದ ಸಂಜೆ. ಬರುವಾಗ ಒಂದು ದೊಡ್ಡ ಡ್ರಾಯಿಂಗ್ ಶೀಟು ಸುರುಳಿ ಸುತ್ತಿ ತಂದಿದ್ದಳು. ರಜೆಯ ಪ್ರಾಜೆಕ್ಟ್. ತಮ್ಮ ಧರ್ಮದ ಮುಖ್ಯ ನಂಬಿಕೆಗಳನ್ನೂ ದೇವರನ್ನೂ ಒಂದೇ ಹಾಳೆಯಲ್ಲಿ ತೋರಿಸಬೇಕಂತೆ.

ಚಾವಡಿಯ ನೆಲದಲ್ಲಿ ಹಾಳೆ ಬಿಡಿಸಿ ನನಗೆ ತೋರಿಸಿದಳು. ಮರದ ಕೊಂಬೆಗಳ ಹಾಗೆ ಚಂದ ಗೆರೆ ಎಳೆದಿದ್ದಳು. ಮೇಲೆ ಬ್ರಹ್ಮ, ವಿಷ್ಣು, ಶಿವ. ಒಬ್ಬ ಹುಟ್ಟಿಸುವವನು, ಒಬ್ಬ ಕಾಯುವವನು, ಒಬ್ಬ ಅಳಿಸುವವನು. ಪಕ್ಕದಲ್ಲಿ ಸರಸ್ವತಿ, ಲಕ್ಷ್ಮಿ, ಪಾರ್ವತಿ. ವಿಷ್ಣುವಿನ ಕೆಳಗೆ 10 ಅವತಾರ. ಶಿವನ ಕೆಳಗೆ ಗಣಪತಿ, ಸುಬ್ರಹ್ಮಣ್ಯ. ಬಲಗಡೆ ಒಂದು ಚೌಕದೊಳಗೆ ಧರ್ಮ, ಕರ್ಮ, ಪುನರ್ಜನ್ಮ, ಮೋಕ್ಷ. ತಪ್ಪು ಅನ್ನುವಂಥದ್ದು ಒಂದೂ ಇರಲಿಲ್ಲ. ಚಂದ ಉಂಟು ಮಗಾ ಅಂದೆ.

ಮಾರನೆಯ ದಿನ ಸಂಕ್ರಮಣ. ಅಮ್ಮ ಕೊಡೆ ಹಿಡಿದು ತೋಟದ ಮೂಲೆಗೆ ಹೊರಟಾಗ ಇವಳೂ ಹಿಂದೆ ಹೋದಳು. ಅಲ್ಲಿ ಕಾಸರಕನ ಮರದ ಬುಡದಲ್ಲಿ ಒಂದು ಕಲ್ಲಿದೆ. ಅದು ನಮ್ಮನ್ನು ಕಾಯುವ ಗುಳಿಗ ದೈವದ ಕಲ್ಲು. ಮೂರ್ತಿ ಏನಲ್ಲ, ಸುಮ್ನೆ ಒಂದು ಮುರಕಲ್ಲು. ಮಳೆಗಾಲದಲ್ಲಿ ಮೈಯೆಲ್ಲ ಪಾಚಿ. ಅಮ್ಮ ಕೈಯಲ್ಲೇ ಕಸ ಸರಿಸಿ, ಬಾಳೆಲೆಯ ತುಂಡಿನಲ್ಲಿ ಒಂದು ಹಿಡಿ ಹೊದಳು, ಅಂದರೆ ಭತ್ತದ ಅರಳು ಹಾಕಿ, ಕೆತ್ತಿದ ಎಳನೀರು ಇಟ್ಟು ಬತ್ತಿ ಹಚ್ಚಿದರು. ಗಾಳಿಗೆ ಬತ್ತಿ ನಂದಿತು. ಸೆರಗು ಮರೆಮಾಡಿ ಮತ್ತೆ ಹಚ್ಚಿದರು. ಮತ್ತೆ ನಂದಿತು. ಮೂರನೆಯ ಸಲ ನಿಂತಿತು.

ಒಳಗೆ ಬಂದವಳೇ ಕಾಲೊರೆಸದೆ ಹಾಳೆಯ ಮುಂದೆ ಕೂತಳು. ಪೆನ್ಸಿಲ್ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೇಳಿದಳು, "ದೊಡ್ಡಮ್ಮ, ಗುಳಿಗನನ್ನು ಎಲ್ಲಿ ಬರೆಯಲಿ?"

ನನಗೆ ಉತ್ತರ ಗೊತ್ತಿರಲಿಲ್ಲ. ಅವಳು ವಾಪಸು ಹೋಗಿ ತಿಂಗಳುಗಳಾದವು. ಆ ಪ್ರಶ್ನೆ ಮಾತ್ರ ನನ್ನ ಹತ್ತಿರವೇ ಉಳಿದಿದೆ.

ಬ್ರಹ್ಮನ ಫೋಟೋ ಯಾಕಿಲ್ಲ?

ಅವಳ ಪ್ರಶ್ನೆ ಅಷ್ಟಕ್ಕೇ ನಿಲ್ಲಲಿಲ್ಲ. ದೇವರಕೋಣೆಯಲ್ಲಿ ಎಲ್ಲರ ಫೋಟೋ ಇದೆ, ಬ್ರಹ್ಮನದ್ದು ಯಾಕಿಲ್ಲ? ಲಿಸ್ಟಿನಲ್ಲಿ ಅವನೇ ಮೊದಲು ಅಲ್ವಾ? ನಾನು ಪುರಾಣದ ಶಾಪದ ಕಥೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಒಲೆಯ ಹತ್ತಿರದಿಂದಲೇ ಹೇಳಿದರು, "ಫೋಟೋ ಯಾಕೆ? ಬೆರ್ಮೆರು ಬನದಲ್ಲೇ ಇದ್ದಾರಲ್ಲ."

ತುಳುವರ ಬೆರ್ಮೆರು ಕುದುರೆಯ ಮೇಲೆ ಕೂತವರು, ಕೈಯಲ್ಲಿ ಖಡ್ಗ. ನಾಲ್ಕು ತಲೆ ಇಲ್ಲ, ತಾವರೆ ಇಲ್ಲ, ವೇದದ ಪುಸ್ತಕ ಇಲ್ಲ. ನಾಗನ ಪಕ್ಕದಲ್ಲಿ, ರಕ್ತೇಶ್ವರಿಯ ಪಕ್ಕದಲ್ಲಿ ಅವರ ಜಾಗ. ಈ ಬೆರ್ಮೆರು ಪುರಾಣದ ಬ್ರಹ್ಮನೇ ಹೌದಾ ಅಂತ ವಿದ್ವಾಂಸರು ಬೇಕಾದಷ್ಟು ಚರ್ಚೆ ಮಾಡಿದ್ದಾರೆ. ಅಮ್ಮನಿಗೆ ಅದು ಚರ್ಚೆಯ ವಿಷಯವೇ ಅಲ್ಲ. ನಾಗರಪಂಚಮಿಗೆ ಬನಕ್ಕೆ ಹೋಗಿ ಹಾಲೆರೆದು ಬರುವಾಗ ಅವರಿಗೂ ಒಂದು ಕೈಮುಗಿದು ಬರುತ್ತಾರೆ.

ಹಾಳೆಯಲ್ಲಿ ದೇವರು ಮೇಲಿನಿಂದ ಕೆಳಗೆ ಬರುತ್ತಾರೆ. ನಮ್ಮ ಮನೆಯಲ್ಲಿ ಅವರು ಸುತ್ತಲೂ ಇದ್ದಾರೆ. ದೇವರಕೋಣೆಯಲ್ಲಿ ಗಣಪತಿ, ಕೃಷ್ಣ. ಅಂಗಳದಲ್ಲಿ ತುಳಸಿ. ಚಾವಡಿಯ ಉಯ್ಯಾಲೆಯಲ್ಲಿ ಪಂಜುರ್ಲಿ ದೈವ. ತೋಟದ ಮೂಲೆಯಲ್ಲಿ ಗುಳಿಗ. ಗುಡ್ಡೆಯ ಕೆಳಗೆ ಬನದಲ್ಲಿ ನಾಗ. ಪೇಟೆಗೆ ಹೋಗುವ ದಾರಿಯಲ್ಲಿ ಮಧೂರಿನ ಗಣಪತಿ. ಯಾರು ಯಾರಿಗಿಂತ ದೊಡ್ಡವರು ಅಂತ ಚಿಕ್ಕವಳಿದ್ದಾಗ ನಾನು ಕೇಳಿದ ನೆನಪಿಲ್ಲ. ಯಾರಿಗೆ ಯಾವತ್ತು ಏನು ಕೊಡಬೇಕು ಅನ್ನುವುದು ಮಾತ್ರ ಮೂಗಿನಿಂದಲೇ ಗೊತ್ತಿತ್ತು. ಅರಸಿನ ಎಲೆಯಲ್ಲಿ ಕಡುಬು ಬೇಯುವ ವಾಸನೆ ಬಂದರೆ ನಾಗರಪಂಚಮಿ. ಎಣ್ಣೆಯಲ್ಲಿ ಅಪ್ಪ ಹೊಯ್ಯುವ ವಾಸನೆ ಬಂದರೆ ಗಣಹೋಮ.

ಹಸಿದವನ ಕಥೆ

ಗುಳಿಗನ ಹುಟ್ಟಿನ ಕಥೆಯನ್ನು ಆ ರಾತ್ರಿ ಅಮ್ಮ ಅವಳಿಗೆ ಹೇಳಿದರು. ದೈವಗಳ ಕಥೆ ಹಾಡುವ ತುಳು ಪಾಡ್ದನದಲ್ಲಿ ಊರಿಗೊಂದು ಪಾಠ ಇರುತ್ತದೆ. ನಮ್ಮ ಮನೆಯಲ್ಲಿ ಹೇಳುವುದು ಹೀಗೆ.

ಈಶ್ವರ ದೇವರಿಗೆ ಮೈಗೆ ಹಚ್ಚಿಕೊಳ್ಳಲು ಪಾರ್ವತಿ ಬೂದಿ ತಂದುಕೊಟ್ಟಳು. ಬೂದಿಯಲ್ಲಿ ಒಂದು ಕಲ್ಲಿತ್ತು. ಈಶ್ವರ ಅದನ್ನು ತೆಗೆದು ಎಸೆದ. ಆ ಕಲ್ಲಿನಿಂದ ಗುಳಿಗ ಹುಟ್ಟಿದ. ಹುಟ್ಟುತ್ತಲೇ ಹಸಿವು. ಹಸಿವು ಅಂದರೆ ಅಂಥಿಂಥ ಹಸಿವಲ್ಲ. ನಾರಾಯಣ ದೇವರ ಹತ್ತಿರ ಕಳಿಸಿದರೆ ಅಲ್ಲಿ ಕೆರೆಯ ನೀರು ಕುಡಿದು ಮುಗಿಸಿದ, ಮೀನು ತಿಂದು ಮುಗಿಸಿದ. ಆನೆ ಕುದುರೆಗಳ ರಕ್ತ ಕುಡಿದ. ಆದರೂ "ಹಸಿವು, ಹಸಿವು" ಅಂದ. ಕೊನೆಗೆ ನಾರಾಯಣ ದೇವರು ತನ್ನ ಕಿರುಬೆರಳನ್ನೇ ಅವನ ಬಾಯಿಗೆ ಇಟ್ಟರು. ಆಗ ಅವನ ಹಸಿವು ಅಡಗಿತು. ಭೂಮಿಗೆ ಹೋಗು, ಅಲ್ಲಿ ನಿನ್ನನ್ನು ನಂಬಿದವರು ಕೊಟ್ಟದ್ದನ್ನು ತಿಂದು ಅವರನ್ನು ಕಾಯಿ ಅಂತ ಕಳಿಸಿದರು.

ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಆದರೆ ಆ ಹಾಳೆ ಎದುರಿಗಿದ್ದಾಗ ಮಾತ್ರ ಒಂದು ವಿಷಯ ಹೊಳೆಯಿತು. ಹಾಳೆಯ ಪ್ರಕಾರ ವಿಷ್ಣುವಿನ ಕೆಲಸ ಕಾಯುವುದು. ಕಾಯುವುದು ಅಂದರೆ ಏನು ಅಂತ ಹಾಳೆ ಹೇಳುವುದಿಲ್ಲ. ಪಾಡ್ದನ ಹೇಳುತ್ತದೆ. ಹಸಿದವನ ಮುಂದೆ ಬೇರೆ ಏನೂ ಉಳಿಯದಿದ್ದಾಗ ತನ್ನ ಬೆರಳನ್ನು ಕೊಡುವುದು. ಮೋಕ್ಷದ ಬಗ್ಗೆ ನನಗೆ ಯಾರು ಎಷ್ಟು ಹೇಳಿದರೂ ಈ ಬೆರಳಿನಷ್ಟು ಒಳಗೆ ಇಳಿಯಲಿಲ್ಲ.

ಪುಟ್ಟಿಗೆ ಇನ್ನೊಂದು ಅನುಮಾನ. "ಹಾಗಾದರೆ ದೇವರು ನಿಜವಾಗಿ ಎಷ್ಟು ಜನ?" ಇದನ್ನು ಮೊದಲು ಕೇಳಿದವಳು ಅವಳಲ್ಲ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಶಾಕಲ್ಯ ಇದೇ ಪ್ರಶ್ನೆಯನ್ನು ಯಾಜ್ಞವಲ್ಕ್ಯನಿಗೆ ಕೇಳುತ್ತಾನೆ. ಮೊದಲ ಉತ್ತರ 3306. ಸರಿ, ಆದರೆ ಎಷ್ಟು ಅಂತ ಮತ್ತೆ ಕೇಳುತ್ತಾನೆ. 33. ಮತ್ತೆ ಕೇಳಿದರೆ 6. ಮತ್ತೆ 3. ಮತ್ತೆ 2. ಆಮೇಲೆ ಒಂದೂವರೆ. ಕೊನೆಗೆ ಒಂದು. ಆ ಒಂದು ಅಂದರೆ ಪ್ರಾಣ, ಅದೇ ಬ್ರಹ್ಮ ಅಂತ ಅಲ್ಲಿದೆ. 33 ಯಾರೆಂದರೆ 8 ವಸುಗಳು, 11 ರುದ್ರರು, 12 ಆದಿತ್ಯರು, ಇಂದ್ರ ಮತ್ತು ಪ್ರಜಾಪತಿ. ಹೆಚ್ಚಿನವರು ಕೊನೆಯ ಒಂದನ್ನು ಹಿಡಿದುಕೊಂಡು ಹೊರಡುತ್ತಾರೆ. ನನಗೆ ಇಷ್ಟವಾದದ್ದು ಅದಕ್ಕಿಂತ ಸ್ವಲ್ಪ ಮೊದಲಿನ ಉತ್ತರ. ಆ ಇಬ್ಬರು ದೇವರು ಯಾರು ಅಂತ ಕೇಳಿದಾಗ ಯಾಜ್ಞವಲ್ಕ್ಯ ಹೇಳುವುದು ಅನ್ನ ಮತ್ತು ಪ್ರಾಣ. ಒಂದು ಮುಷ್ಟಿ ಅಕ್ಕಿ, ಒಂದು ಉಸಿರು. ಬಾಳೆಲೆಯ ತುಂಡಿನಲ್ಲಿ ಹೊದಳು ಇಡುವ ನನ್ನ ಅಮ್ಮನಿಗೆ ಈ ಉಪನಿಷತ್ತಿನ ಹೆಸರು ಗೊತ್ತಿಲ್ಲ.

ಪಾಲು

ನಂಬಿಕೆ ಅನ್ನುವ ಮಾತನ್ನು ನಮ್ಮಲ್ಲಿ ಹೇಗೆ ಬಳಸುತ್ತಾರೆ ನೋಡಿ. ದೇವರು ಇದ್ದಾನೆ ಅಂತ ನಂಬುತ್ತೀಯಾ ಅಂತ ಊರಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. "ಅವರು ನಂಬಿಕೊಂಡು ಬಂದ ದೈವ" ಅನ್ನುತ್ತಾರೆ. "ನಂಬಿದವರಿಗೆ ಇಂಬು ಕೊಡುತ್ತೇನೆ" ಅಂತ ದೈವ ತುಳುವಿನಲ್ಲಿ ನುಡಿ ಕೊಡುತ್ತದೆ. ನಂಬುವುದು ಅಂದರೆ ಇಬ್ಬರ ನಡುವಿನ ಮಾತು. ನಾನು ನಿನ್ನದನ್ನು ತಪ್ಪದೆ ಕೊಡುತ್ತೇನೆ, ನೀನು ನನ್ನ ಕೈಬಿಡಬೇಡ. ಒಬ್ಬರು ಮಾತು ತಪ್ಪಿದರೆ ಇನ್ನೊಬ್ಬರು ಕೇಳಬಹುದು.

ಬೇಕಾದಷ್ಟು ಜನ ಇದನ್ನು ವ್ಯಾಪಾರ ಅಂತ ತಳ್ಳಿಹಾಕುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಗೀತೆಯ 3ನೆಯ ಅಧ್ಯಾಯದಲ್ಲಿ ಕೃಷ್ಣ ಹೇಳುವುದೂ ಇದನ್ನೇ. ದೇವತೆಗಳು ಕೊಟ್ಟದ್ದನ್ನು ಅವರಿಗೆ ಕೊಡದೆ ತಾನೇ ತಿನ್ನುವವನು ಕಳ್ಳ. ಕಳ್ಳ ಅಂತಲೇ ಇದೆ, ಮೆತ್ತಗೆ ಏನೂ ಹೇಳಿಲ್ಲ. ಹೊಸ ಭತ್ತದ ತೆನೆ ಮೊದಲು ದೇವರ ಮುಂದೆ, ಆಮೇಲೆ ನಮ್ಮ ಎಲೆಗೆ. ತೈತ್ತಿರೀಯ ಸಂಹಿತೆಯಲ್ಲಿ ಬ್ರಾಹ್ಮಣ ಹುಟ್ಟುವಾಗಲೇ ಮೂರು ಸಾಲ ಹೊತ್ತು ಬರುತ್ತಾನೆ ಅಂತ ಬರುತ್ತದೆ. ಋಷಿಗಳ ಸಾಲ, ದೇವರ ಸಾಲ, ಪಿತೃಗಳ ಸಾಲ. ಊರಲ್ಲಿ ಈ ಮಾತು ಜಾತಿ ನೋಡದೆ ಎಲ್ಲರ ಬಾಯಲ್ಲೂ ಇದೆ. ಅನ್ನದ ಋಣ. ಊರಿನ ಋಣ. ಗಂಡ ಹೆಂಡಿರದ್ದು ಋಣಾನುಬಂಧ. ಯಾರೋ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರೆ "ಯಾವ ಜನ್ಮದ ಋಣವೋ" ಅನ್ನುವ ಅಜ್ಜಿಯಂದಿರು ಈಗಲೂ ಇದ್ದಾರೆ. ಪುಟ್ಟಿಯ ಚೌಕದೊಳಗಿನ ಕರ್ಮ, ಪುನರ್ಜನ್ಮ ಎರಡೂ ನನಗೆ ಈ ಒಂದು ಮಾತಿನಿಂದಲೇ ಅರ್ಥವಾದದ್ದು.

ಆ ವಾರವೇ ಅಂಗಳಕ್ಕೆ ಆಟಿ ಕಳೆಂಜ ಬಂದ. ಓಲಿಕೊಡೆ, ಮೈಗೆ ತಿರಿ, ಮುಖಕ್ಕೆ ಬಣ್ಣ. ಊರಿನ ಮಾರಿ ಕಳೆಯಲು ಬಂದವನು. ಅಮ್ಮ ಗೆರಸೆಯಲ್ಲಿ ಅಕ್ಕಿ, ತೆಂಗಿನಕಾಯಿ, ಅರಸಿನ, ಒಂದು ತುಂಡು ಮಸಿ ತಂದಿಟ್ಟರು. ಇದೇ ತಿಂಗಳು ಸತ್ತ ಹಿರಿಯರಿಗೂ ಎಲೆ ಹಾಕಿ ಬಡಿಸುತ್ತಾರೆ. ನನ್ನ ಅಪ್ಪನಿಗೆ ಇಷ್ಟ ಅಂತ ಅಮ್ಮ ಪತ್ರೊಡೆ ಮಾಡುತ್ತಾರೆ. ಅವತ್ತು ಬಾಗಿಲು ಸ್ವಲ್ಪ ಹೊತ್ತು ಮುಚ್ಚಿ ನಾವೆಲ್ಲ ಹೊರಗೆ ನಿಲ್ಲಬೇಕು. ಪುಟ್ಟಿ ನನ್ನ ಕೈ ಹಿಡಿದುಕೊಂಡು ಪಿಸುದನಿಯಲ್ಲಿ, "ಅಜ್ಜ ತಿಂತಾ ಇದ್ದಾರಾ?" ಅಂದಳು. ಹೌದು ಅಂದೆ. ಹೌದು ಅಂತಲೇ ನನ್ನ ಎಣಿಕೆ.

ಅನಂತಪುರದ ಬಬಿಯನ ಮಾತೂ ಇಲ್ಲೇ ಹೇಳಬೇಕು. ಕುಂಬಳೆಯ ಹತ್ತಿರದ ಆ ಕೆರೆಯ ನಡುವಿನ ದೇವಸ್ಥಾನ ನಿಮಗೆಲ್ಲ ಗೊತ್ತು. ತಿರುವನಂತಪುರದ ಅನಂತಪದ್ಮನಾಭನಿಗೆ ಇದೇ ಮೂಲಸ್ಥಾನ ಅನ್ನುವ ಮಾತೂ ಗೊತ್ತು. ಆ ಕೆರೆಯಲ್ಲಿ 70 ವರ್ಷಕ್ಕೂ ಜಾಸ್ತಿ ಇತ್ತು ಅಂತ ಹೇಳುವ ಮೊಸಳೆ ಅದು. ಮಧ್ಯಾಹ್ನದ ಪೂಜೆ ಆದ ಮೇಲೆ ಅದಕ್ಕೆ ನೈವೇದ್ಯದ ಅನ್ನ. 2022ರ ಅಕ್ಟೋಬರ್ 9ರಂದು ಬಬಿಯ ಸತ್ತಿತು. ಮಾರನೆಯ ದಿನ ಸಾವಿರಾರು ಜನ ಹೋದರು. ನಾನೂ ಹೋಗಿದ್ದೆ. ಒಬ್ಬ ಮುದುಕಿ ದೂರದಲ್ಲಿ ಪಾಗಾರಕ್ಕೆ ಒರಗಿ ಅಳುತ್ತಿದ್ದರು. ಮನೆಯ ಹಿರಿಯರು ಹೋದರೆ ಅಳುವ ಹಾಗೆ. ಆ ದೇವರ ಅನ್ನದಲ್ಲಿ ಪಾಲಿದ್ದ ಜೀವ ಅದು. ಅವರ ಅಳು ನನಗೆ ಸ್ವಲ್ಪವೂ ವಿಚಿತ್ರ ಅನಿಸಲಿಲ್ಲ.

ದೇವರ ಎದುರು ವಾದ

ಮುಖ್ಯ ನಂಬಿಕೆ ಯಾವುದು ಅನ್ನುವುದಕ್ಕೆ ನಮ್ಮ ಊರಲ್ಲೇ ದೊಡ್ಡ ಜಗಳ ಆಗಿಹೋಗಿದೆ. 13ನೆಯ ಶತಮಾನದಲ್ಲಿ ಕುಂಬಳೆಯ ಅರಸ ಜಯಸಿಂಹನ ಕಾಲಕ್ಕೆ ಮಧ್ವಾಚಾರ್ಯರು ಇಲ್ಲಿಗೆ ಬಂದಿದ್ದರು. ಕಾಸರಗೋಡಿನ ಪಕ್ಕದ ಕೂಡ್ಲಿನಲ್ಲಿ ಅವರಿಗೂ ಅದ್ವೈತಿ ತ್ರಿವಿಕ್ರಮ ಪಂಡಿತಾಚಾರ್ಯರಿಗೂ ವಾದ ನಡೆಯಿತು. 15 ದಿನ ನಡೆಯಿತು ಅಂತ ಹೇಳಿಕೆ. ಜೀವ ಮತ್ತು ದೇವರು ಒಂದೆಯಾ, ಬೇರೆ ಬೇರೆಯಾ? ಜಗತ್ತು ನಿಜವಾ, ತೋರಿಕೆಯಾ? ಕೊನೆಗೆ ತ್ರಿವಿಕ್ರಮ ಪಂಡಿತರು ಮಧ್ವರ ಶಿಷ್ಯರಾದರು. ಅವರ ಮಗ ನಾರಾಯಣ ಪಂಡಿತಾಚಾರ್ಯರೇ ಮಧ್ವರ ಚರಿತ್ರೆ ಬರೆದವರು. ಅದರಿಂದ ವಾದ ಮುಗಿಯಿತಾ? ಇಲ್ಲ. ಅಲ್ಲಿಂದ ಸ್ವಲ್ಪ ದೂರದ ಎಡನೀರಿನಲ್ಲಿ ಶಂಕರರ ಶಿಷ್ಯ ತೋಟಕಾಚಾರ್ಯರ ಪರಂಪರೆಯ ಮಠ ಇವತ್ತಿಗೂ ಇದೆ. ಅಲ್ಲಿ ದಕ್ಷಿಣಾಮೂರ್ತಿಗೂ ಗೋಪಾಲಕೃಷ್ಣನಿಗೂ ಒಟ್ಟಿಗೆ ಪೂಜೆ. (ಕಾನೂನು ಓದಿದವರಿಗೆಲ್ಲ ಎಡನೀರು ಗೊತ್ತು. ಸಂವಿಧಾನದ ಮೂಲ ಸ್ವರೂಪವನ್ನು ಬದಲಿಸುವಂತಿಲ್ಲ ಅಂತ 1973ರ ಏಪ್ರಿಲ್ 24ರಂದು 13 ನ್ಯಾಯಾಧೀಶರ ಪೀಠ ಕೊಟ್ಟ ತೀರ್ಪು ಈ ಮಠದ ಕೇಶವಾನಂದ ಭಾರತಿ ಸ್ವಾಮೀಜಿಯ ಹೆಸರಿನಲ್ಲಿದೆ. ನಮಗೆ ಅವರು ಯಕ್ಷಗಾನದ ಪದ ಹಾಡುತ್ತಿದ್ದ ಸ್ವಾಮೀಜಿಯೂ ಹೌದು.) ಎರಡೂ ಕಡೆಯವರು ಒಂದೇ ಬಸ್ಸಿನಲ್ಲಿ ಮಧೂರಿಗೆ ಹೋಗುತ್ತಾರೆ.

ಮಳೆಗಾಲ ನಮ್ಮಲ್ಲಿ ತಾಳಮದ್ದಳೆಯ ಕಾಲ. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಪುಟ್ಟಿಯನ್ನು ಒಂದಕ್ಕೆ ಕರೆದುಕೊಂಡು ಹೋದೆ. ದೊಡ್ಡ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕ್ಯಾಸೆಟಿನಲ್ಲಿ ಕೇಳಿ ಬೆಳೆದವಳು ನಾನು. ಅವತ್ತೂ ವಾಲಿವಧೆಯೇ ಇತ್ತು. ಬಾಣ ನಾಟಿ ಬಿದ್ದ ವಾಲಿ ರಾಮನನ್ನು ಕೇಳುತ್ತಲೇ ಹೋದ. ಮರದ ಮರೆಯಲ್ಲಿ ಯಾಕೆ ನಿಂತೆ? ನನಗೂ ನಿನಗೂ ಏನು ದ್ವೇಷ ಇತ್ತು? ನಿನ್ನ ಧರ್ಮ ನಿನ್ನ ಊರಿನ ಗಡಿಯ ತನಕ ಮಾತ್ರವಾ? ಮುಕ್ಕಾಲು ಗಂಟೆ. ಎದುರಿಗೆ ಕೂತವರೆಲ್ಲ ರಾಮನ ಭಕ್ತರೇ. ಒಬ್ಬರೂ ಎದ್ದು ಹೋಗಲಿಲ್ಲ, ತಲೆದೂಗಿದರು. ಮುಗಿದ ಮೇಲೆ ಮಂಗಳಾರತಿ ತೆಗೆದುಕೊಂಡರು. ಪುಟ್ಟಿ ದಾರಿಯಲ್ಲಿ, "ದೇವರನ್ನು ಹಾಗೆ ಬೈಬಹುದಾ?" ಅಂತ ಕೇಳಿದಳು. ಕೇಳಬಹುದು ಅಂದೆ. ಇದನ್ನು ಅವಳ ಚೌಕದೊಳಗೆ ಎಲ್ಲಾದರೂ ಸೇರಿಸಬೇಕು ಅಂತ ನನಗೆ ತುಂಬ ಆಸೆಯಿತ್ತು.

ಕವುಚಿಟ್ಟ ಗ್ಲಾಸು

ಇಲ್ಲಿಯವರೆಗೆ ಬರೆದದ್ದನ್ನು ಓದಿದರೆ ಎಲ್ಲ ಚಂದ ಅನಿಸಬಹುದು. ಎಲ್ಲವೂ ಚಂದ ಇರಲಿಲ್ಲ.

ನನಗೆ ಒಂಬತ್ತೋ ಹತ್ತೋ ವರ್ಷ ಇರುವಾಗ ನಮ್ಮ ತರವಾಡಿನಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ ಕೋಲ. ದೈವ ವೇಷ ಕಟ್ಟಿದವರ ಮೈಮೇಲೆ ಬಂದು ನುಡಿ ಕೊಡುವ ರಾತ್ರಿ. ಎರಡು ವರ್ಷ ಅಡಿಕೆಗೆ ಕೊಳೆರೋಗ ಬಂದು ಅಪ್ಪ ದೈವಕ್ಕೆ ತಂಬಿಲದ ಪೂಜೆ ಮಾಡಿಸಿರಲಿಲ್ಲ. ಪಂಜುರ್ಲಿ ನೇರವಾಗಿ ಅಪ್ಪನ ಹತ್ತಿರ ಬಂದಿತು. ಮುಖಕ್ಕೆ ಅರದಾಳದ ಹಳದಿ, ಹಿಂದೆ ಅಣಿ, ಕಾಲಲ್ಲಿ ಗಗ್ಗರ. "ನನ್ನನ್ನು ಮರೆತೆಯಾ ಮಗನೇ" ಅಂತ ತುಳುವಿನಲ್ಲಿ ಕೇಳಿತು. ಯಾರಿಗೂ ತಲೆಬಾಗದ ನನ್ನ ಅಪ್ಪ ಕೈಮುಗಿದು ಕಣ್ಣೀರು ಹಾಕಿದರು. ದೈವ ಅವರ ಭುಜದ ಮೇಲೆ ಕೈ ಇಟ್ಟಿತು. ಬೆಳಗಿನ ಜಾವಕ್ಕೆ ಗುಳಿಗ. ತೆಂಗಿನ ಸಿರಿ ಉಟ್ಟು ಸೂಟೆ ಹಿಡಿದು ಬಂದವನು ಮಡಿಲು ತುಂಬ ಹೊದಳು ಮುಕ್ಕಿದ, ಎಳನೀರಿನ ಮೇಲೆ ಎಳನೀರು ಕುಡಿದ. ಆ ಹಸಿವನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮಾರನೆಯ ದಿನ ಮಧ್ಯಾಹ್ನ ಕೋಲ ಕಟ್ಟಿದವರು ತಮ್ಮ ಪಡಿ ತೆಗೆದುಕೊಳ್ಳಲು ಬಂದರು. ಬಿಳಿ ಶರ್ಟು, ಹೆಗಲಲ್ಲಿ ಬೈರಾಸು. ಕಿವಿಯ ಹಿಂದೆ ಇನ್ನೂ ಸ್ವಲ್ಪ ಹಳದಿ ಉಳಿದಿತ್ತು. ಅವರು ಜಗಲಿ ಹತ್ತಲಿಲ್ಲ. ಅಂಗಳದ ಬದಿಯಲ್ಲಿ ನಿಂತರು. ನನ್ನ ಅಜ್ಜಿ ಅವರಿಗೆಂದೇ ಇಟ್ಟಿದ್ದ ಗ್ಲಾಸಿನಲ್ಲಿ ಕಾಫಿ ಕೊಟ್ಟರು. ಕುಡಿದು, ತಾವೇ ತೊಳೆದು, ಗ್ಲಾಸನ್ನು ಕಟ್ಟೆಯ ಮೇಲೆ ಕವುಚಿಟ್ಟರು. ಹಿಂದಿನ ರಾತ್ರಿ ಅಪ್ಪನ ಭುಜದ ಮೇಲಿದ್ದ ಕೈ ಅದೇ. ನಾನು ಅಜ್ಜಿಯನ್ನು ಏನೂ ಕೇಳಲಿಲ್ಲ. ಕೇಳಬೇಕಿತ್ತು. ವಾಲಿಗೆ ಇದ್ದ ಧೈರ್ಯ ನನಗಿರಲಿಲ್ಲ.

ಮಧೂರಿನ ಕಥೆಯಲ್ಲೂ ಇದೇ ಇದೆ. ಅಲ್ಲಿನ ಲಿಂಗ ಮೊದಲು ಸಿಕ್ಕಿದ್ದು ಮದರು ಅನ್ನುವ ಮೊಗೇರ ಹೆಂಗಸಿಗೆ. ಹುಲ್ಲು ಹೆರೆಯುವಾಗ ಅವಳ ಕತ್ತಿ ಕಲ್ಲಿಗೆ ತಾಗಿ ರಕ್ತ ಬಂತು. ಅವಳ ಹೆಸರೇ ಊರಿಗೆ ಬಂತು ಅನ್ನುತ್ತಾರೆ. ಗಣಪತಿ ಬಂದದ್ದು ಆಮೇಲೆ, ಗೋಡೆಯ ಮೇಲೆ ಒಬ್ಬ ಹುಡುಗ ಆಟಕ್ಕೆ ಬಿಡಿಸಿದ ಚಿತ್ರವಾಗಿ. ಅಲ್ಲಿನ ಯಜಮಾನ ಮದನಂತೇಶ್ವರ, ಅಂದರೆ ಈಶ್ವರ. ಆದರೆ ಊರೆಲ್ಲ ಹೋಗುವುದು ಮಗನ ಹತ್ತಿರ. 1992ರ ನಂತರ 2025ರಲ್ಲಿ ಮತ್ತೆ ಮೂಡಪ್ಪ ಸೇವೆ ಆಯಿತು. ಗಣಪತಿಯನ್ನು ಅಪ್ಪದಲ್ಲಿ ಮುಚ್ಚಿ, ಆ ಅಪ್ಪವನ್ನು ಊರಿಗೆಲ್ಲ ಹಂಚಿದರು. ನಮ್ಮ ಮನೆಗೂ ಬಂತು. ಅಷ್ಟೆಲ್ಲ ಹಂಚುವ ದೇವರ ಬಾಗಿಲು ಮದರುವಿನ ಜನರಿಗೆ ಕಾನೂನಿನ ಪ್ರಕಾರ ತೆರೆಯಲು 1947 ಬರಬೇಕಾಯಿತು. ಆಗ ನಾವು ಮದರಾಸು ಪ್ರಾಂತ್ಯದಲ್ಲಿದ್ದೆವು. ದೇವಸ್ಥಾನ ಪ್ರವೇಶದ ಕಾನೂನು ಅಲ್ಲಿಂದ ಬಂತು. ಪಾಲು ಕೊಡದೆ ತಿಂದವನು ಕಳ್ಳ ಅನ್ನುವ ಮಾತು ಆಗಲೂ ಗೀತೆಯಲ್ಲಿತ್ತು. ಇದನ್ನು ಬಿಟ್ಟು ನಮ್ಮ ಧರ್ಮದ ಪರಿಚಯ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಆ ಗ್ಲಾಸು ಈಗ ಇಲ್ಲ. ಅಜ್ಜಿ ತೀರಿದ ಮೇಲೆ ಅಮ್ಮ ಅದನ್ನು ತೆಗೆದರು. ಈಗ ಕೋಲ ಕಟ್ಟುವ ಅವರ ಮಗ ಚಾವಡಿಯಲ್ಲಿ ನಮ್ಮೊಟ್ಟಿಗೆ ಊಟಕ್ಕೆ ಕೂರುತ್ತಾರೆ.

ಹಾಳೆಯ ಗೆರೆ ದಾಟಿದವರೂ ನಮ್ಮಲ್ಲಿದ್ದಾರೆ. ಕುಂಬಳೆಯ ಆರಿಕ್ಕಾಡಿಯಲ್ಲಿ ಆಲಿ ಅನ್ನುವ ದೈವ. ಹೆಸರೇ ಹೇಳುವ ಹಾಗೆ ಬ್ಯಾರಿ, ಅಂದರೆ ಕರಾವಳಿಯ ಮುಸ್ಲಿಂ. ಅವನ ಮುಂದೆ ಎಲ್ಲರೂ ಕೈಮುಗಿಯುತ್ತಾರೆ. ಮಂಜೇಶ್ವರದ ಉದ್ಯಾವರದಲ್ಲಿ ಅರಸು ಮಂಜಿಷ್ಣಾರ್ ದೈವಗಳ ಕಡೆಯವರು ಜಾತ್ರೆಗೆ ಮೊದಲು ಮಸೀದಿಗೆ ಹೋಗಿ ಕರೆದು ಬರುತ್ತಾರೆ. ಪುಟ್ಟಿಗೆ ಇದನ್ನು ಹೇಳಿದಾಗ ಅವಳು ಹಾಳೆಯನ್ನು ತಿರುಗಿಸಿ ಖಾಲಿ ಬೆನ್ನನ್ನು ನೋಡಿದಳು. ಜಾಗ ಸಾಕಾಗುವುದಿಲ್ಲ ಅಂದಳು.

ಕೊನೆಗೆ ಗುಳಿಗನಿಗೆ ಜಾಗ ಸಿಕ್ಕಿತು. ಹಾಳೆಯ ಕೆಳಗೆ, ಎಡಗಡೆ ಮೂಲೆಯಲ್ಲಿ. ಒಂದು ಮರ, ಅದರ ಬುಡದಲ್ಲಿ ಒಂದು ಕಲ್ಲು. ಅಲ್ಲಿಂದ ಒಂದು ಗೆರೆ ಶಿವನ ಮೈಯ ಬೂದಿಗೆ, ಇನ್ನೊಂದು ವಿಷ್ಣುವಿನ ಕಿರುಬೆರಳಿಗೆ. ಉಳಿದ ದೇವರ ಕೆಳಗೆಲ್ಲ ಒಂದೊಂದು ಕೆಲಸ ಬರೆದಿದ್ದಳು. ವಿದ್ಯೆ, ಸಂಪತ್ತು, ವಿಘ್ನನಿವಾರಣೆ. ಗುಳಿಗನ ಕೆಳಗೆ ಏನು ಬರೆಯಲಿ ಅಂತ ಅಜ್ಜಿಯನ್ನು ಕೇಳಿದಳು. ಅಮ್ಮ ಸ್ವಲ್ಪ ಯೋಚಿಸಿದರು. "ಸಂಕ್ರಮಣಕ್ಕೆ ಎಳನೀರು, ಹೊದಳು ಅಂತ ಬರಿ."

ಹಾಗೇ ಬರೆದಳು.

ಸೆಪ್ಟೆಂಬರ್ ತಿಂಗಳ ಸಂಕ್ರಮಣದ ದಿನ ಬೆಳಿಗ್ಗೆ ಅಲ್ಲಿಂದ ಫೋನು. "ಅಜ್ಜಿ, ಗುಳಿಗನಿಗೆ ಇಟ್ಟಾಯಿತಾ?" ಇಟ್ಟಿರಲಿಲ್ಲ. ತೆಂಗಿನಮರ ಹತ್ತುವವರು ಬಾರದೆ ಹದಿನೈದು ದಿನವಾಗಿತ್ತು, ಮನೆಯಲ್ಲಿ ಎಳನೀರಿರಲಿಲ್ಲ. ಅಮ್ಮ ಫೋನು ನನ್ನ ಕೈಗೆ ಕೊಟ್ಟು ಹೊದಳಿನ ಡಬ್ಬಿ ಹುಡುಕಲು ಒಳಗೆ ಹೋದರು. ಬಾವಿಯ ಹತ್ತಿರ ಒಂದು ಗಿಡ್ಡ ಗೆಂದಾಳಿಯ ಮರವಿದೆ. ಫೋನು ಕಿವಿಗೆ ಸಿಕ್ಕಿಸಿಕೊಂಡೇ ದೋಟಿ ತೆಗೆದುಕೊಂಡು ಮಳೆಗೆ ಇಳಿದೆ. "ಸಿಕ್ಕಿತಾ ದೊಡ್ಡಮ್ಮ?" ಅಂತ ಅವಳು ಕೇಳುತ್ತಲೇ ಇದ್ದಳು.